ಹಿಂದಕ್ಕೆ ತಿರುಗದ ಫ್ಯಾನ್

ತಂಪು ಕಪಾಟಿಗೆ ಕೈ ಹಾಕಿದ ಯಜಮಾನರಿಗೆ ಸಿಕ್ಕಿದ್ದು ಬೆಚ್ಚನೆಯ ಸೀಸೆ. ಔಷಧ ಮಳಿಗೆಯ ಇನ್ಸುಲಿನ್ ಅಷ್ಟೂ ಇನ್ನು ಮಾರುವಂತಿಲ್ಲ.

ಇನ್ಸ್‌ಪೆಕ್ಟರಮ್ಮ ಬರುವಷ್ಟರಲ್ಲಿ ಅಪರಾಧಿಯೂ ತಯಾರಾಗಿದ್ದಳು. ಮಳಿಗೆಯ ಮೆಕ್ಯಾನಿಕ್, ಯಜಮಾನರ ತಂಗಿಯ ಮಗಳು. ಕಪಾಟಿನ ಕೂಲಿಂಗ್ ಫ್ಯಾನ್ ಹಿಂದಿನ ದಿನ ಬದಲಿಸಿದವಳು ಅವಳೇ. ಹಿಂಬದಿ ಬಿಚ್ಚಿದರೆ ಕೆಂಪು ತಂತಿ ಕಪ್ಪಿನ ಜಾಗದಲ್ಲಿತ್ತು, ಕಪ್ಪು ಕೆಂಪಿನ ಜಾಗದಲ್ಲಿ.

ಬಿಚ್ಚಿಸಿದವನು ಯಜಮಾನರ ಅಳಿಯ, ಮಗಳ ಗಂಡ. ಗರಿಗರಿ ಇಸ್ತ್ರಿಯ ಶರ್ಟು.

"ಬೆಳಗ್ಗೆ ಕಣ್ಣಾರೆ ನೋಡಿದೆ ಮೇಡಂ. ಫ್ಯಾನ್ ಉಲ್ಟಾ ತಿರುಗ್ತಿತ್ತು. ಬಿಸಿಗಾಳೀನ ಒಳಗೇ ತಳ್ತಿತ್ತು. ನಾನೇ ಸ್ವಿಚ್ ಆರಿಸಿದೆ."

ತಂತಿ ಸರಿಯಾಗೇ ಕೊಟ್ಟಿದ್ದೆ, ಓಡಿಸಿ ನೋಡೇ ಮನೆಗೆ ಹೋದೆ ಎಂದಳು ಅವಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಬಂಧ ಅಂತ ನೋಡಬೇಡಿ, ಕರ್ಕೊಂಡು ಹೋಗಿ ಎಂದರು ಯಜಮಾನರು. ಒಮ್ಮೆ ಠಾಣೆ ಮೆಟ್ಟಿಲು ಹತ್ತಿದರೆ ಇನ್ಯಾವ ಮಳಿಗೆಯೂ ಆಸ್ಪತ್ರೆಯೂ ಅವಳ ಕೈಗೆ ಯಂತ್ರ ಕೊಡದು. ಅವಳಿಗೆ ಗೊತ್ತಿದ್ದದ್ದು ಆ ಕೆಲಸವೊಂದೇ.

*

ಇನ್ಸ್‌ಪೆಕ್ಟರಮ್ಮ ಅವಳನ್ನು ಜೀಪಿಗೆ ಹತ್ತಿಸಲಿಲ್ಲ. ಎಲ್ಲರನ್ನೂ ಕಪಾಟಿನ ಹಿಂದೆ ನಿಲ್ಲಿಸಿದರು. ತಂತಿ ಇದ್ದ ಹಾಗೇ ಕರೆಂಟು ಕೊಡಿಸಿದರು.

ಫ್ಯಾನ್ ಮಿಸುಕಲಿಲ್ಲ.

"ಸುಟ್ಟೋಗಿರ್ಬೇಕು," ಅಂದ ಅಳಿಯ.

ತಂತಿ ಸರಿಮಾಡಿಸಿದರು. ಫ್ಯಾನ್ ಗಿರ್ರನೆ ತಿರುಗಿತು. ಮತ್ತೆ ಅದಲುಬದಲು ಮಾಡಿಸಿದರು. ಮುನಿಸಿಕೊಂಡವರ ಹಾಗೆ ಸುಮ್ಮನಾಯಿತು.

"ನೀವು ನೋಡಿದ್ದು ಯಾವ ಫ್ಯಾನು?"

ಅಳಿಯ ಯಜಮಾನರ ಮುಖ ನೋಡಿದ.

"ತಂತಿ ಉಲ್ಟಾ ಕೊಟ್ರೆ ಆಟದ ಕಾರಿನ ಮೋಟಾರು ಹಿಂದಕ್ಕೆ ತಿರುಗುತ್ತೆ. ಇದೂ ಹಾಗೇ ಅಂದ್ಕೊಂಡ್ರಿ. ಇದರೊಳಗೆ ಪುಟ್ಟ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇದೆ. ಕರೆಂಟು ಉಲ್ಟಾ ಬಂದ್ರೆ ಸುಮ್ಮನಿರುತ್ತೆ, ಕೆಲವು ಸುಟ್ಟೇ ಹೋಗ್ತವೆ. ಹಿಂದಕ್ಕೆ ಮಾತ್ರ ತಿರುಗಲ್ಲ. ಹಾಗಾದ್ರೆ ಹಿಂಬದಿ ಬಿಚ್ಚೋಕೆ ಮೊದಲೇ ತಂತಿ ಉಲ್ಟಾ ಇರೋದು ನಿಮಗೆ ಹೇಗೆ ಗೊತ್ತಾಯ್ತು?"

ಇನ್ಸ್‌ಪೆಕ್ಟರಮ್ಮ ಪಕ್ಕದ ಶೆಲ್ಫಿನಿಂದ ಇಸ್ತ್ರಿಪೆಟ್ಟಿಗೆ ಎತ್ತಿ ತೋರಿಸಿದರು.

"ಈ ಗೋಡೇಲಿ ಪ್ಲಗ್ ಹಾಕೋ ಜಾಗ ಒಂದೇ. ನಿನ್ನೆ ಸಂಜೆ ಈ ಶರ್ಟಿಗೆ ಇಸ್ತ್ರಿ ಹಾಕೋಕೆ ಕಪಾಟಿನ ಪ್ಲಗ್ ಕಿತ್ತು ಇದನ್ನ ಹಾಕಿದ್ರಿ. ಆಮೇಲೆ ಕಪಾಟಿಂದು ವಾಪಸ್ ಹಾಕೋದು ಮರೆತ್ರಿ. ಬೆಳಗ್ಗೆ ನೆನಪಾದಾಗ ತಂತಿ ಬದಲಿಸಿ ಗೂಬೆ ಇವಳ ತಲೆ ಮೇಲೆ ಕೂರಿಸಿದ್ರಿ."

"ಮಾವ ಬೈತಾರೆ ಅಂತ..." ಅಂದ ಅಳಿಯ.

ಯಜಮಾನರು ಸ್ಕ್ರೂಡ್ರೈವರ್ ಎತ್ತಿ ತಂಗಿಯ ಮಗಳತ್ತ ಚಾಚಿದರು. ಅವಳು ಅದನ್ನು ತೆಗೆದುಕೊಂಡು ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಬಿಗಿದಳು.

"ಇಸ್ತ್ರಿ ಮಾತ್ರ ಚೆನ್ನಾಗಿ ಬಿದ್ದಿದೆ, ಭಾವ."

"ಜೀಪಿನ ಸೀಟಲ್ಲಿ ಮುದುಡುತ್ತೆ," ಅಂದರು ಇನ್ಸ್‌ಪೆಕ್ಟರಮ್ಮ. "ನಡೀರಿ."