ಬರೆಯದೆ ಬಿಟ್ಟ ಸಾಲು

ಆಗಷ್ಟೇ ಬೇಸಿಗೆ ಶುರುವಾಗಿತ್ತು, ಸಂಜೆ ಆರೂವರೆ. ಅಮ್ಮ ಅಡುಗೆಮನೆಯ ನೆಲದ ಮೇಲೆ ಊಟದ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ನಡುನಡುವೆ ಒದ್ದೆ ಪೇಪರ್ ಹಾಸುತ್ತಿದ್ದಳು.

“ಬರ್ಕೊಂಡ್ಯಾ ಇಲಿ? ಮೊದಲು ತಟ್ಟೆ. ಆಮೇಲೆ ರಬ್ಬರ್ ಸುತ್ತು. ಆಮೇಲೆ ಹಾಳೆ.”

“ಸ್ವಲ್ಪ ನಿಧಾನ ಹೇಳಮ್ಮ.”

ಇಲಿ ಐದನೇ ಕ್ಲಾಸು. ಸಣ್ಣ ದನಿಗೂ ಚುರುಕು ಕಾಲಿಗೂ ಮನೆಯಲ್ಲಿ ಆ ಹೆಸರು ಬಿದ್ದಿತ್ತು.

ಅಮ್ಮನ ಫ್ಯಾಕ್ಟರಿಯಲ್ಲಿ ಮಾಡುತ್ತಿದ್ದದ್ದು ಕೋಣೆಯಷ್ಟು ದೊಡ್ಡ ಯಂತ್ರ. ಅದಕ್ಕೆ ನೀರು ಕೊಟ್ಟು, ಬಿಸಿಲಿನಿಂದ ಬಂದ ಕರೆಂಟು ಹಾಯಿಸಿದರೆ ಹೈಡ್ರೋಜನ್ ಬರುತ್ತದೆ. ಅದು ಉರಿಯುತ್ತದೆ, ಹೊಗೆ ಮಾತ್ರ ಇಲ್ಲ. ಯಂತ್ರದೊಳಗೆ ತಟ್ಟೆ, ರಬ್ಬರ್ ಸುತ್ತು, ಒದ್ದೆ ಹಾಳೆ, ಹೀಗೆ ಮುನ್ನೂರು ಪದರ. ಒಂಬತ್ತು ವರ್ಷದಿಂದ ಅಮ್ಮ ಅವನ್ನು ಕೈಯಲ್ಲೇ ಜೋಡಿಸುತ್ತಿದ್ದಳು. ಈಗ ಆ ಕೆಲಸಕ್ಕೆ ರೋಬೋಟ್ ಬಂದಿತ್ತು. ಅದಕ್ಕೆ ಕಲಿಸಲು ಅಮ್ಮ ತಾನು ಮಾಡುವುದನ್ನೆಲ್ಲ ಸಾಲುಸಾಲಾಗಿ ಇಂಜಿನಿಯರಿಗೆ ಬರೆದುಕೊಡಬೇಕಿತ್ತು. ಅಮ್ಮನಿಗೆ ಓದಲು ಬರುತ್ತಿತ್ತು. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ.

“ಹಾಳೆ ಹಾಸಿ ಹತ್ತು ಎಣಿಸೋವರೆಗೆ ಕಾಯಬೇಕು. ಒದ್ದೆ ಹಾಳೆ ನೋಡು, ಸುಕ್ಕು ಬಿಟ್ಟು ಮಲಗೋಕೆ ಅದಕ್ಕೂ ಟೈಮ್ ಬೇಕು.”

ಬಾಗಿಲಲ್ಲಿ ಕೂತಿದ್ದ ತಾತ ನಕ್ಕರು. “ನನ್ನ ಒಂದು ಮಾತು ಮುಗಿಯೋವರೆಗೆ ಕಾಯಲ್ಲ, ಹಾಳೆಗೆ ಕಾಯ್ತಾಳಂತೆ.”

“ಹಾಳೆ ನಿಮ್ಮಷ್ಟು ಮಾತಾಡಲ್ಲ ಮಾವ.”

ಇಲಿಯ ಪೆನ್ನು ನಿಂತಿತ್ತು. ಎಲ್ಲ ಬರೆದುಕೊಟ್ಟರೆ ಅಮ್ಮನ ಕೆಲಸ ಏನಾಗುತ್ತದೆ? ಹತ್ತು ಎಣಿಸುವುದೊಂದು ಗೊತ್ತಾಗದಿದ್ದರೆ ರೋಬೋಟ್ ಕೆಡಿಸುತ್ತದೆ, ಆಗ ಅಮ್ಮನನ್ನೇ ಕರೆಯಬೇಕು. ಮಕ್ಕಳ ಲೆಕ್ಕ ಮಕ್ಕಳದು. ಅವಳು ಆ ಸಾಲನ್ನು ಬರೆಯಲಿಲ್ಲ.

“ಓದಿ ನೋಡ್ತೀಯಾ?” ಎಂದು ಮೆಲ್ಲಗೆ ಕೇಳಿದಳು.

“ನೀನು ಬರೆದ ಮೇಲೆ ನೋಡೋದೇನಿದೆ,” ಎಂದು ಅಮ್ಮ ಬರೆದ ಕಾಗದವನ್ನು ಮಡಿಸಿ ಇಟ್ಟುಕೊಂಡಳು.

ಹದಿನೈದು ದಿನ ಕಳೆಯಿತು. ಅಂದು ಅಮ್ಮ ತಡವಾಗಿ ಬಂದಳು. ಬೆರಳಿಗೆಲ್ಲ ಪ್ಲಾಸ್ಟರ್.

“ರೋಬೋಟ್ ಜೋಡಿಸಿದ ಎರಡೂ ಯಂತ್ರ ಸೋರಿದವು ಮಾವ. ಆರುನೂರು ಪದರ, ನಾವೇ ಬಿಚ್ಚಬೇಕು.”

ಇಲಿಗೆ ಒಳಗೊಳಗೇ ಖುಷಿ. “ಅಂದ್ರೆ ಅದನ್ನ ವಾಪಸ್ ಕಳಿಸ್ತಾರಾ?”

“ಅದರ ತಪ್ಪೇನಿದೆ? ಹೇಳಿದಷ್ಟು ಮಾಡ್ತು. ರೋಬೋಟ್ ಇರೋ ಗೂಡಿನ ಬಾಗಿಲು ಹಾಕಿ ನಡೆಸ್ತಾರೆ, ಒಳಗೆ ಅದು ಹೇಗೆ ಜೋಡಿಸುತ್ತೆ ಅಂತ ನಮಗೂ ಕಾಣಲ್ಲ. ಹತ್ತು ಎಣಿಸೋದನ್ನ ಹೇಳೋಕೆ ನಾನೇ ಮರೆತೆ.” ಅಮ್ಮ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. “ಇಂಜಿನಿಯರ್ ಮೇಡಂ ಬಯ್ಯಲಿಲ್ಲ. ಬಯ್ದಿದ್ರೆ ಚೆನ್ನಾಗಿರ್ತಿತ್ತು. ನನಗೂ ವಯಸ್ಸಾಯ್ತೇನೋ.”

ತಾತ ಈ ಸಲ ನಗಲಿಲ್ಲ.

ಇಲಿ ಅಮ್ಮನ ಹತ್ತಿರ ಬಂದಳು. “ನೀನು ಹೇಳಿದ್ದೆ ಅಮ್ಮ. ನಾನೇ ಬರೀಲಿಲ್ಲ.”

“ಯಾಕೆ?”

“ನಿನ್ನ ಕೆಲಸ ಹೋಗುತ್ತೆ ಅಂತ.”

ಅಮ್ಮ ಇಲಿಯ ಕಡೆ ತಿರುಗಿ ಕೂತಳು. “ಇಷ್ಟೆಲ್ಲ ಯೋಚನೆ ಮಾಡಿದೋಳು ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಪೆನ್ನು ತಾ.”

ಇಲಿ ಎಲ್ಲ ಹೊಸದಾಗಿ ಬರೆದಳು. ಈ ಸಲ ಅಮ್ಮ ಬೆರಳಿಟ್ಟು ಒಂದೊಂದು ಸಾಲೂ ಓದಿದಳು. ಎದುರಿಗೆ ಕೂತು ಅದನ್ನು ನೋಡುವುದು ಇಲಿಗೆ ಬಯ್ಗುಳಕ್ಕಿಂತ ಕಷ್ಟವಾಯಿತು.

ಮರುದಿನ ವಿಷಯ ಕೇಳಿ ಇಂಜಿನಿಯರ್ ತಲೆಯ ಮೇಲೆ ಕೈ ಇಟ್ಟುಕೊಂಡರಂತೆ. ಎಲ್ಲ ಕಡೆ ಕೆಲಸ ಒಂದೇ ರೀತಿ ನಡೆಯಬೇಕೆಂದು ಅದೇ ಸಾಲುಗಳನ್ನು ದೂರದ ಇನ್ನೊಂದು ಫ್ಯಾಕ್ಟರಿಗೂ ಕಳಿಸಿದ್ದರು. ಅಲ್ಲಿ ಐದು ಯಂತ್ರ ಸೋರುತ್ತಿದ್ದವು. ಅಲ್ಲಿದ್ದವರೆಲ್ಲ ಹೊಸಬರು, ಒಮ್ಮೆಯೂ ಕೈಯಲ್ಲಿ ಜೋಡಿಸಿದವರಲ್ಲ. ಅಮ್ಮನೇ ಹೋಗಿ ಆರು ವಾರ ಇದ್ದು, ಬಿಚ್ಚಿ ಜೋಡಿಸುವುದನ್ನು ಕಲಿಸಬೇಕು.

“ಆರು ವಾರಾನಾ?”

“ಒಂದೂವರೆ ಸಾವಿರ ಪದರ ಇಲಿ.”

“ವಾಪಸ್ ಬಂದ್ಮೇಲೆ ನಿನ್ನ ಕೆಲಸ?”

“ಟೆಸ್ಟಿಂಗ್ ರೂಮಿಗೆ ಹಾಕ್ತೀನಿ ಅಂದಿದಾರೆ. ಅಂದಿದಾರೆ ಅಷ್ಟೆ. ನೋಡೋಣ.”

ಬಸ್‌ಸ್ಟಾಪಿನವರೆಗೂ ಇಲಿ ಬ್ಯಾಗಿನ ಒಂದು ಹಿಡಿ ಹಿಡಿದು ಅಮ್ಮನ ಜೊತೆ ನಡೆದಳು. ಹೋಗಬೇಡ ಎನ್ನುವ ಮಾತು ಬಾಯಿತನಕ ಬಂದಿತ್ತು. ಅಷ್ಟರಲ್ಲಿ ಬಸ್ಸು ನಿಂತಿತು. ಇಲಿ ಎರಡೂ ಕೈಯಲ್ಲಿ ಬ್ಯಾಗು ಎತ್ತಿ ಮೆಟ್ಟಿಲ ಮೇಲಿಟ್ಟು, ಅಮ್ಮ ಹತ್ತಲು ಜಾಗ ಬಿಟ್ಟು ಹಿಂದೆ ಸರಿದಳು.

ಅಮ್ಮ ಹೋದದ್ದು ಸೋಮವಾರ, ಬೆಳಗಿನ ಆರರ ಬಸ್ಸಿಗೆ.