ಗಂಗಾಧರನ ಗೆಳೆಯ

"ನಮ್ಮಣ್ಣನ್ನ ಒಬ್ಬನ್ನೇ ಸಾಯೋಕೆ ಬುಟ್ಟು ಬಂದೋರು ನೀವೇನಾ?"

ಸರ್ವಮಂಗಳಾ ಬಾಗಿಲಿಗೆ ಅಡ್ಡ ನಿಂತೇ ಕೇಳಿದಳು. ಹೊರಗೆ ನಿಂತಿದ್ದ ರೇಣುಕಯ್ಯನ ಕೈಯಲ್ಲಿ ಅವಳ ಅಣ್ಣ ಗಂಗಾಧರನ ಟ್ರಂಕು. ಇಬ್ಬರೂ ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದು ಬಿ.ಎ. ಓದುತ್ತಿದ್ದವರು. ಸಾವಿರದ ಒಂಬೈನೂರ ಹದಿನೆಂಟರ ಆ ಹಾಳು ಜ್ವರ ಗಂಗಾಧರನನ್ನು ಹೊತ್ತೊಯ್ದಿತ್ತು. ಕೊನೇ ಗಳಿಗೆಯಲ್ಲಿ ಹತ್ತಿರ ಯಾರೂ ಇರಲಿಲ್ಲವಂತೆ ಅನ್ನೋ ಸುದ್ದಿ ಅವಳೂರು ಕೊರಟಗೆರೆಗೂ ಬಂದಿತ್ತು.

"ಹೂಂ... ನಾನೇ."

ಅಷ್ಟೇ! ಟ್ರಂಕು ಇಳಿಸಿ, ತನ್ನೂರು ಮಧುಗಿರಿಯ ದಾರಿ ಹಿಡಿದ.

'ಕಲ್ಲೆದೆಯವನು!' ಅಂದುಕೊಂಡಳು. ಆದರೂ ಆ ಬತ್ತಿದ ಕಣ್ಣುಗಳು ಅವಳ ಬೆನ್ನು ಬಿಡಲಿಲ್ಲ...

ತಿಂಗಳ ಮೇಲೆ ಅಣ್ಣನ ಕಾಗದ ಬಂತು! ಅಂಚೆಯವರೂ ಜ್ವರದಲ್ಲಿ ಮಲಗಿದ್ದರಿಂದ ಎಲ್ಲೋ ಉಳಿದುಬಿಟ್ಟಿತ್ತು.

"ಮಂಗಳಾ, ಹಾಸ್ಟೆಲಿನವರೆಲ್ಲ ಊರಿಗೆ ಓಡಿದರು. ರೇಣುಕ ಒಬ್ಬನೇ ಎಂಟು ದಿನದಿಂದ ನನ್ನ ವಾಂತಿ ಬಳಿಯುತ್ತಿದ್ದಾನೆ. ಈಗ ನಾನೇ ಬಲವಂತ ಮಾಡಿ ಡಾಕ್ಟರನ್ನು ಕರೆಯಲು ಕಳಿಸುತ್ತಿದ್ದೇನೆ. ಈ ಕಾಗದವನ್ನೂ ಅವನೇ ಅಂಚೆಗೆ ಹಾಕುತ್ತಾನೆ. ತಾನು ಪುಕ್ಕಲ ಅಂತ ಅವನಿಗೆ ಕೊರಗು. ಇಂಥ ಎದೆಗಾರಿಕೆ ನಾನು ಕಂಡಿಲ್ಲ."

'ಅಯ್ಯೋ... ಎಂಥ ಮಾತಾಡ್ಬುಟ್ಟೆ!'

ಮಾರನೇ ಬೆಳಗ್ಗೆ ಅಪ್ಪನ ಜೊತೆ ಗಾಡಿ ಕಟ್ಟಿಸಿಕೊಂಡು ಮಧುಗಿರಿಗೆ ಹೋದಳು. ರೇಣುಕಯ್ಯನ ತಾಯಿ ಜಗದಾಂಬ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಪುಸ್ತಕ ಮುಟ್ಟಾಕಿಲ್ಲ ಕಣಮ್ಮ. ಮಾತಿಲ್ಲ, ಕತೆಯಿಲ್ಲ. ಬೆಟ್ಟ ನೋಡ್ಕೊಂಡು ಕುಂತಿರ್ತಾನೆ. ನಂಗೆ ಎದೆ ಝಲ್ಲಂತದೆ..."

ಹಿತ್ತಿಲ ಜಗಲಿಯಲ್ಲಿದ್ದ ರೇಣುಕಯ್ಯ ಕಾಗದ ಓದಿದ. ಮುಖ ಅರಳಲಿಲ್ಲ.

"ಮೂವರು ಡಾಕ್ಟರ ಬಾಗಿಲು ಬಡಿದೆ. ಯಾರೂ ಬರಲಿಲ್ಲ... ತಿರುಗಿ ಬರೋ ಹೊತ್ತಿಗೆ ಗಂಗ ತಣ್ಣಗಾಗಿದ್ದ. ನೀವು ಅಂದಿದ್ದು ಸುಳ್ಳಲ್ಲ."

"ಸುಳ್ಳೇ! ತಿಳೀದೆ ಅಂದ್ಬುಟ್ಟೆ..."

"ಈಗ ಪುಸ್ತಕ ಕಂಡ್ರೆ ಮೈ ನಡುಗ್ತದೆ. ಕಾಲೇಜಿಗೆ ಹೋಗಲಾರೆ. ಯಾತಕ್ಕೂ ಬಾರದೋನು ನಾನು."

'ಅಣ್ಣ ಬರಲ್ಲ. ಇವರ ಓದೂ ಮುಗೀತು...' ಅವಳೂ ಜಗಲಿಯ ಅಂಚಿಗೆ ಕೂತಳು.

"ನಂಗೂ ಬೆಳಗಾದ್ರೆ ಏಳೋಕೆ ಮನಸ್ಸಿಲ್ಲ. ಆದ್ರೆ ತಿಂಗಳೆಲ್ಲ ಬೈಯ್ತಾ ಬೈಯ್ತಾ ನಿಮ್ಮನ್ನೇ ನೆನೀತಿದ್ದೆ... ನಿಮ್ಮ ಜೊತೆ ಬಾಳ್ತೀನಿ. ಅಪ್ಪನ್ನ ಕೇಳ್ಕೊಂಡೇ ಬಂದಿದೀನಿ."

ಗೆಳೆಯ ಸತ್ತ ಮೇಲೆ ಮೊದಲ ಸಲ ರೇಣುಕಯ್ಯ ಅತ್ತ.

"ನನ್ನತ್ರ ಏನೂ ಉಳಿದಿಲ್ಲ... ನಗೋದೂ ಮರೆತೋಗಿದೆ."

"ನಗಬೇಡಿ. ಒಬ್ರೇ ಅಳಬೇಡಿ, ಅಷ್ಟೇ."

"ನೀವು...?"

"ನಾನೂ ಒಬ್ಳೇ ಅಳಲ್ಲ."