ಹಸೀಬಾಳ ಬೆರಕಿ ಗದ್ದೆ

ಸಾದಿಕನಿಗೆ ಕಲ್ಲೇಶನ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದು ಅವನ ಮುಖ ನೋಡುವ ಮೊದಲೇ. ನೋಡಿದ ಮೇಲೆ ಅದು ಇನ್ನೂ ಜಾಸ್ತಿಯಾಯಿತು. ಮುಖ ಚೆನ್ನಾಗಿತ್ತು, ಅದಕ್ಕೆ.

ಶ್ರೀರಾಮನಗರದ ಕಾಲುವೆ ಪಕ್ಕ ಸಾದಿಕನದು ಬೀಜಕ್ಕೆಂದೇ ಭತ್ತ ಬೆಳೆಯುವ ಹೊಲ. ಅದರಲ್ಲೊಂದು ತುಂಡನ್ನು ಹಸೀಬಾ ಪ್ರಯೋಗಕ್ಕೆಂದು ತೆಗೆದುಕೊಂಡಿದ್ದಳು. ಕೊಪ್ಪಳದ ಹುಡುಗಿ, ಕೃಷಿ ವಿಜ್ಞಾನಿ. ಸ್ಕೂಟಿಯ ಮೇಲೆ ಬಂದು, ಬದುವಿನ ಮೇಲೆ ಚಪ್ಪಲಿ ಬಿಟ್ಟು, ಕೆಸರಿಗೆ ಇಳಿಯುತ್ತಿದ್ದಳು. ಆ ಚಪ್ಪಲಿಯನ್ನು ಯಾವುದಾದರೂ ಹಕ್ಕಿ ಎತ್ತಿಕೊಂಡು ಹೋದೀತೆಂದು ಸಾದಿಕ ಅವಳು ಮೇಲೆ ಬರುವತನಕ ಕಾಯುತ್ತ ಕೂರುತ್ತಿದ್ದ. ಚಪ್ಪಲಿ ಒಯ್ಯುವ ಹಕ್ಕಿ ಗಂಗಾವತಿ ತಾಲೂಕಿನಲ್ಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಅವಳ ಭತ್ತ ಹಳೆಯ ತಳಿ. ಒಂದು ಮನೆಯಲ್ಲಿ ಬೇಯಿಸಿದರೆ ಮೂರು ಓಣಿಗೆ ಘಮ. ಆದರೆ ಆಳೆತ್ತರ ಬೆಳೆದು, ಗಾಳಿ ಬೀಸಿದರೆ ಮಲಗಿಬಿಡುತ್ತಿತ್ತು. ಘಮ ಉಳಿಸಿ ಎತ್ತರ ಇಳಿಸಬೇಕೆಂದು ಹಸೀಬಾ ಬೀಜವನ್ನು ಮುಂಬೈಗೆ ಕಳಿಸಿ, ಗಾಮಾ ಕಿರಣ ಹಾಯಿಸಿ ತರಿಸಿದ್ದಳು. ಹೋದ ವರ್ಷ ಅದನ್ನು ಬೆಳೆದು, ಬಂದ ಬೀಜವನ್ನು ಈ ವರ್ಷ ಇಲ್ಲಿ ಹಚ್ಚಿದ್ದಳು. ಕಿರಣ ಹಾಯಿಸಿಕೊಟ್ಟವನು ಕಲ್ಲೇಶ, ಇಲ್ಲೇ ಕೊಪ್ಪಳದ ಹತ್ತಿರದ ಇರಕಲ್ಲಗಡದವನೇ, ಮುಂಬೈಯಲ್ಲಿ ವಿಜ್ಞಾನಿ.

ಆ ಗದ್ದೆಯ ಕಪ್ಪೆಗಳು ಕತ್ತಲಲ್ಲಿ ಹೊಳೆಯುತ್ತವೆ ಎಂದು ಚಹದಂಗಡಿಯಲ್ಲಿ ಸುದ್ದಿ. ಒಬ್ಬರಂತೂ ಆ ಬೆಳಕಿನಲ್ಲಿ ಪೇಪರ್ ಓದಿ ಬಂದಿದ್ದರು. ಸಾದಿಕನ ತಾಯಿ ಶಾಹಜಾದಬಿ ನೇರವಾಗಿಯೇ ಕೇಳಿದಳು.

“ಬೀಜದಾಗ ಕರೆಂಟ್ ಐತಂತಲ್ಲವ್ವಾ?”

“ಇಲ್ಲ ಖಾಲಾ. ಎಕ್ಸ್‌ರೇ ತೆಗಿಸಿಕೊಂಡವ್ರು ಬಲ್ಬಿನಂಗ ಹತ್ತಿಕೊಂತಾರೇನು? ಕಿರಣ ಹಾದು ಹೋತು. ಬೀಜದಾಗ ಏನೂ ಉಳಿಯಂಗಿಲ್ಲ.”

ಸಾದಿಕನಿಗೂ ಮೊದಲ ದಿನವೇ ಅರ್ಧ ತಾಸು ಹೇಳಿದ್ದಳು: ಕಿರಣ ತಾಗಿದರೆ ಬೀಜದೊಳಗಿನ ಗುಣ ಅಲ್ಲಲ್ಲಿ ಬದಲಾಗುತ್ತದೆ, ಸಾವಿರಾರು ಗಿಡಗಳಲ್ಲಿ ಎಲ್ಲೋ ಒಂದೆರಡು ನಮಗೆ ಬೇಕಾದಂತೆ ಬರುತ್ತವೆ, ಅವನ್ನೇ ಹುಡುಕಬೇಕು. ಸಾದಿಕ ಪೂರ್ತಿ ಕೇಳಿದ, ಕಣ್ಣಿನಿಂದ. ‘ಗಾಮಾ’ ಅನ್ನುವಾಗ ಅವಳ ಎರಡೂ ತುಟಿ ಒಂದು ಕ್ಷಣ ಕೂಡಿ ಬಿಡುವುದನ್ನು ಬಿಟ್ಟು ಬೇರೇನೂ ಅವನ ತಲೆಗೆ ಹೋಗಲಿಲ್ಲ.

ತಲೆಗೆ ಹೋದದ್ದು ಫೋನು. ದಿನಾ ಬದುವಿನ ಮೇಲೆ ನಿಂತು ಅವಳು ನಗುತ್ತಿದ್ದಳು. “ಹಾಂ ಕಲ್ಲೇಶ ಸರ್... ಅಯ್ಯ, ಹಂಗೇನಿಲ್ಲ ಬಿಡ್ರಿ ಸರ್!”

“ಆ ಸರ್‌ಗೆ ಬ್ಯಾರೆ ಕೆಲಸ ಇಲ್ಲೇನ್ರಿ ಮೇಡಂ? ದಿನಾ ಫೋನ್ ಮಾಡ್ತಾರಲ್ಲ, ಪಾಪ,” ಎಂದು ಸಾದಿಕ ಒಂದು ದಿನ ಕೇಳಿಯೇಬಿಟ್ಟ.

“ನಾನ ಮಾಡೂದ್ರಿ.” ಹಸೀಬಾ ಓರೆಗಣ್ಣಿನಲ್ಲಿ ನೋಡಿದಳು. “ನಿಮಗೇನು ತ್ರಾಸು?”

“ನನಗ್ಯಾಕ್ರಿ ತ್ರಾಸು. ನೆಟ್‌ವರ್ಕಿಗೆ ತ್ರಾಸು.”

ಅವಳು ದುಪಟ್ಟಾದ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಸಿಟ್ಟಾದಳೋ ತಿಳಿಯದೆ ಸಾದಿಕ ಅವತ್ತು ಊಟದಲ್ಲಿ ಎರಡು ರೊಟ್ಟಿ ಬಿಟ್ಟೆದ್ದ.

ತೆನೆ ಹೊರಡುವ ಹೊತ್ತಿಗೆ ಅವಳಿಗೆ ರಾಯಚೂರಿನಲ್ಲಿ ಮೀಟಿಂಗ್ ಬಂತು. “ಶುಕ್ರವಾರ ಕಲ್ಲೇಶ ಸರ್ ಬರ್ತಾರ. ಇಬ್ರೂ ಕೂಡಿ ಗಿಡ ಆರಿಸಿ ಚೀಟಿ ಕಟ್ತೀವಿ. ಅಲ್ಲೀತನಾ ಗದ್ದಿ ಮ್ಯಾಲೆ ಸ್ವಲ್ಪ ಲಕ್ಷ್ಯ ಇರಲ್ರಿ.”

ಇಬ್ರೂ ಕೂಡಿ! ಅನ್ನದಲ್ಲಿ ಕಲ್ಲು ಸಿಕ್ಕಂತೆ ಆ ಎರಡು ಮಾತು ಅವನ ಹಲ್ಲಿಗೆ ಸಿಕ್ಕಿಕೊಂಡವು.

ಮರುದಿನ ಬೆಳಿಗ್ಗೆ ಅವನು ಆ ಗದ್ದೆಯನ್ನು ಮೊದಲ ಸಲ ನಿಜವಾಗಿ ನೋಡಿದ. ಒಂದು ಗಿಡ ಮೊಣಕಾಲಿಗೆ, ಒಂದು ಹೆಗಲಿಗೆ, ಒಂದು ಹಳದಿ, ಒಂದು ಆಗಲೇ ತೆನೆ ಬಿಟ್ಟಿತ್ತು. ಬೀಜದ ಬೆಳೆ ಅಂದರೆ ಎಲ್ಲ ಒಂದೇ ಸಮ ನಿಲ್ಲಬೇಕು. ಬೇರೆ ಕಂಡದ್ದನ್ನು ಬುಡಸಮೇತ ಕೀಳುತ್ತಾರೆ. ಅದಕ್ಕೆ ಬೆರಕಿ ಕೀಳುವುದು ಅನ್ನುತ್ತಾರೆ. ಸಾದಿಕನ ಎದೆ ತಂಪಾಯಿತು. ಇಷ್ಟು ಓದಿದ ಕಲ್ಲೇಶ ಬೆರಕಿ ಬೀಜ ಕಳಿಸಿದ್ದಾನೆ! ಶುಕ್ರವಾರದೊಳಗೆ ಈ ಗದ್ದೆ ಸ್ವಚ್ಛವಾಗಬೇಕು, ಕೆಲಸ ಯಾರಿಗೆ ಬರುತ್ತದೆ ಅನ್ನುವುದು ಹಸೀಬಾಳಿಗೆ ಕಾಣಬೇಕು.

ಕೂಲಿ ಹೆಂಗಸರನ್ನು ಕರೆತಂದ ಮುದಕಮ್ಮ ಬದುವಿನ ಮೇಲೆ ಅನುಮಾನಿಸಿದಳು. “ಮೇಡಂನ ಒಂದ್ಮಾತು ಕೇಳಬೇಕಿತ್ತೇನಪಾ?”

“ನೋಡಿ ಖುಷಿ ಪಡ್ತಾರ. ನೀ ಕೀಳ ಬೇ ಯವ್ವಾ.”

ಮಧ್ಯಾಹ್ನದ ಹೊತ್ತಿಗೆ ಆ ಗದ್ದೆಯ ಮೇಲೆ ಕೇರಂ ಆಡಬಹುದಿತ್ತು. ಅಷ್ಟರಲ್ಲಿ ಹಸೀಬಾ ಬಂದಳು, ಮೀಟಿಂಗ್ ಬೇಗ ಮುಗಿದಿತ್ತು. ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು.

“ಗಿಡ್ಡ ಇದ್ದವು ಎಲ್ಲಿ ಅದಾವ್ರಿ?”

“ಎಲ್ಲಾ ಕೀಳಿಸೀನ್ರಿ! ಬರೇ ಬೆರಕಿ. ಬೀಜ ನೋಡಿ ಕಳಿಸಂತ ನಿಮ್ಮ ಕಲ್ಲೇಶ ಸರ್‌ಗೆ ಒಂದ್ಮಾತು ಹೇಳ್ರಿ.”

ಅವಳು ಒಂದೇ ಸಮ ನಿಂತ ಗದ್ದೆಯ ಮೇಲೆ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದಳು. ಆಮೇಲೆ ದನಿ ಏರಿಸದೆ ಹೇಳಿದಳು. “ಆ ಬೆರಕಿ ಸಲುವಾಗೇ ನಾ ಎರಡು ವರ್ಷ ಕೆಸರು ತುಳಿದೀನ್ರಿ. ನೀವು ಉಳಿಸಿದ್ದು ಹಳೇ ಭತ್ತ. ಕಿತ್ತಿದ್ದು ನನ್ನ ಭತ್ತ.”

ಮೊದಲ ದಿನ ಕಣ್ಣಿನಿಂದ ಕೇಳಿದ್ದ ಆ ಅರ್ಧ ತಾಸಿನ ಮಾತು ಈಗ ಒಮ್ಮೆಲೆ ಸಾದಿಕನ ಕಿವಿಗೆ ಬಂತು.

ಕಿತ್ತ ಗಿಡಗಳು ಬದುವಿನ ಮೇಲೆ ರಾಶಿ ಬಿದ್ದಿದ್ದವು. ಹಸೀಬಾ ಮಂಡಿಯೂರಿ ಬೇರು ಮುಟ್ಟಿ ನೋಡಿದಳು. ಕೆಳಗಿನವು ಇನ್ನೂ ಹಸಿ. “ಬಕೆಟ್ ತರ್ರಿ. ಏನಿದ್ರೂ ತರ್ರಿ. ಓಡ್ರಿ!”

ಸಾದಿಕ ಓಡಿದ ಓಟಕ್ಕೆ ಕಾಲುವೆಯ ನೀರು ಹಿಂದೆ ಬಿತ್ತೆಂದು ನೋಡಿದವರು ಹೇಳುತ್ತಾರೆ. ಪೇಂಟಿನ ಡಬ್ಬಿ, ಹಿಟ್ಟಿನ ಡಬ್ಬಿ, ತಾಯಿಯ ಬಿರಿಯಾನಿ ಹಂಡೆ, ಎಲ್ಲ ಬಂದವು. ಕೆಸರು ತುಂಬಿ, ಗಿಡದ ತುದಿ ಎಲೆ ಕತ್ತರಿಸಿ, ಒಂದೊಂದನ್ನೇ ನೆಟ್ಟರು. ಸಾದಿಕನ ಮನೆಯಂಗಳದ ಬೇವಿನ ನೆರಳಲ್ಲಿ ಅವು ಸಾಲಾಗಿ ಕೂತವು. ಅಷ್ಟೂ ಹೊತ್ತು ಹಸೀಬಾ ಅವನ ಮುಖ ನೋಡಲಿಲ್ಲ.

ಶುಕ್ರವಾರ ಕಲ್ಲೇಶ ಬಂದ. ಹಂಡೆಯಲ್ಲಿ ನಿಂತ ಭತ್ತ ನೋಡಿ, “ಇದೇನ್ರಿ ಹಸೀಬಾ?” ಅಂದ.

ಅವಳು ಬಾಯಿ ತೆರೆಯುವ ಮೊದಲೇ ಸಾದಿಕ ಮುಂದೆ ಬಂದ. “ನಾನ ಕೀಳಿಸಿದ್ದು ಸರ್. ಮೇಡಂದೇನೂ ತಪ್ಪಿಲ್ಲ.”

“ಯಾಕ್ರಿ?”

ಹಸೀಬಾ ಕೂಡ ಉತ್ತರಕ್ಕಾಗಿ ಅವನತ್ತ ತಿರುಗಿದಳು. ಸಾದಿಕ ಹಂಡೆಯತ್ತ ನೋಡುತ್ತ, “ಬೆರಕಿ ಅನ್ಕೊಂಡ್ನಿರಿ,” ಅಂದ. ಅವಳು ಮುಖ ಆಚೆ ತಿರುಗಿಸಿದಳು.

ಕಲ್ಲೇಶ ಬೈದಿದ್ದರೆ ಎಷ್ಟೋ ನೆಮ್ಮದಿಯಿತ್ತು. ಆ ಮನುಷ್ಯ ಪ್ಯಾಂಟ್ ಮಡಚಿ ಕುಕ್ಕರುಗಾಲಲ್ಲಿ ಕೂತು ಚೀಟಿ ಕಟ್ಟಿದ, ಶಾಹಜಾದಬಿಯ ಚಹ ಹೊಗಳಿದ, “ಒಂದ ಗಿಡ ಉಳದ್ರೂ ಸಾಕ್ರಿ, ಆಗ್ತೈತಿ,” ಎಂದು ಸಾದಿಕನ ಹೆಗಲು ತಟ್ಟಿ ಹೋದ. ಹಗೆ ಮಾಡಲೂ ಬಾರದಷ್ಟು ಒಳ್ಳೆಯವನು. ಇದಕ್ಕಿಂತ ದೊಡ್ಡ ಅನ್ಯಾಯ ಸಾದಿಕ ಕಂಡಿರಲಿಲ್ಲ.

ಆಮೇಲೆ ಹಸೀಬಾ ದಿನಾ ಅಂಗಳಕ್ಕೆ ಬಂದಳು, ಗಿಡಕ್ಕಾಗಿ. ಅರ್ಧಕ್ಕರ್ಧ ಒಣಗಿದವು. ಗಿಡ್ಡನೆಯದೊಂದು ಮಾತ್ರ ಹಸಿರಾಗಿ ನಿಂತು, ತೆನೆ ಬಿಟ್ಟು, ಹಾಲು ತುಂಬಿಕೊಂಡು ತಲೆ ಬಾಗಿಸಿತು. ಅವಳು ಅದರ ಎಲೆಯನ್ನು ಎರಡು ಬೆರಳಲ್ಲಿ ಸವರುತ್ತ, “ಆರಾಮ ಅದಿಯಿಲ್ಲ?” ಎಂದು ಕೇಳಿ ನಕ್ಕಳು. ಅದೇ ಫೋನಿನ ನಗು. ಸಾದಿಕನಿಗೆ ತಡೆಯಲಾಗಲಿಲ್ಲ.

“ಗಿಡದ ಜೋಡಿ ಮಾತಾಡ್ತೀರಿ. ನನ್ನ ಜೋಡಿ ಇಲ್ಲ.”

“ಗಿಡ ಬಾಡಿತ್ರಿ. ನೀವೇನು ಬಾಡೀರಿ?”

“ಬಾಡೀನ್ರಿ,” ಅಂದ. “ನೀವು ಫೋನ್ ಹಿಡಕೊಂಡು ನಕ್ಕ ದಿನದಿಂದ. ಬೆರಕಿ ಅನ್ಕೊಂಡದ್ದು ಖರೆ. ಆದ್ರ ಕಲ್ಲೇಶ ಸರ್ ಕಳಿಸಿದ್ದು ಅಂತ ಭಾಳ ಉಮೇದಿಲೆ ಕೀಳಿಸಿದೆ. ಈಗ ಈ ಗಿಡದ ಮ್ಯಾಲೂ ಹೊಟ್ಟಿಕಿಚ್ಚೈತಿ. ಇದನ್ನ ಮಾತ್ರ ಕೀಳಂಗಿಲ್ಲ, ಅಮ್ಮಿ ಆಣಿ.”

ಹಸೀಬಾ ಕೆಳತುಟಿ ಕಚ್ಚಿಕೊಂಡಳು. ಕಣ್ಣು ಮಾತ್ರ ಕಚ್ಚಿಕೊಳ್ಳಲು ಬರಲಿಲ್ಲ, ಅವು ನಗುತ್ತಿದ್ದವು.

“ಇದ ಮಾತು ಅವತ್ತ ಸರ್ ಮುಂದ ಹೇಳಿದ್ರ, ಅವತ್ತ ಮಾಫ್ ಮಾಡ್ತಿದ್ನಿ. ಸುಮ್ಸುಮ್ನ ಇಷ್ಟು ದಿನ ಕಾಯಿಸಿದ್ರಿ.”

“ಯಾರನ್ನ ಕಾಯಿಸೀನ್ರಿ?”

ಅವಳು ಗಿಡಕ್ಕೆ ಹಾಕಿ ಮಗ್ಗಿನಲ್ಲಿ ಉಳಿದಿದ್ದ ನೀರನ್ನು ಅವನ ಬರಿಗಾಲಿನ ಮೇಲೆ ನಿಧಾನವಾಗಿ, ಒಂದು ಹನಿಯೂ ಆಚೆ ಬೀಳದಂತೆ ಸುರಿದಳು.

“ಚಿಗುರ್ತೀರೇನು ನೋಡೋಣ.”

ಅಡುಗೆಮನೆಯಿಂದ ಶಾಹಜಾದಬಿ ಕೂಗಿದಳು. “ಏ ಸಾದಿಕ, ಅಂಗಳೆಲ್ಲಾ ರಾಡಿ ಆಗಾಕತ್ತೈತಿ! ಒಂದು ಕಡೆ ನಿಲ್ಲೋ!”

“ನಿಂತೀನಮ್ಮಿ,” ಅಂದ ಸಾದಿಕ, ಹಸೀಬಾಳ ಮುಖದಿಂದ ಕಣ್ಣು ತೆಗೆಯದೆ.

ಅವಳು ಮತ್ತೊಂದು ಮಗ್ಗು ತುಂಬಿಕೊಳ್ಳಲು ಹೋದಳು.